‘ರ’ ಬರೆಯಲು ಎಷ್ಟು ನೋಡ್ ಬೇಕು?

ಮುಂಬೈನ ಮಾಟುಂಗಾದಲ್ಲಿ ಓಡಾಡುವಾಗ ಅಂಗಡಿ ಬೋರ್ಡಿನ ಮೇಲೆ ಕನ್ನಡ ಕಂಡರೆ ಹತ್ತಿರ ಹೋಗಿ ‘ರ’ದ ಅಂಚು ನೋಡಿ. ಕೆಲವದರಲ್ಲಿ ಬಾಗು ನುಣ್ಣಗಿರುತ್ತದೆ, ಕೆಲವದರಲ್ಲಿ ಅಲ್ಲಲ್ಲಿ ಮೂಲೆ ಎದ್ದಿರುತ್ತದೆ. ಎಷ್ಟೋ ಸಲ ಇದು ಯಂತ್ರದ ತಪ್ಪಲ್ಲ. ಬೋರ್ಡಿಗೆ ಅಂಟಿಸುವ ವಿನೈಲ್ ಹಾಳೆ ಕತ್ತರಿಸುವ ಬ್ಲೇಡು ಕಂಪ್ಯೂಟರಿನಲ್ಲಿ ನಾವು ಎಳೆದ ಗೆರೆಯ ಮೇಲೇ ಓಡುತ್ತದೆ. ಆ ಗೆರೆಗೆ ಪಾಥ್ ಅನ್ನುತ್ತಾರೆ.

ಚಿತ್ರ ಬಿಡಿಸುವ ಸಾಫ್ಟ್‌ವೇರಿನ ಪೆನ್ ಟೂಲ್ ಹಿಡಿದು ಎರಡು ಕಡೆ ಸುಮ್ನೆ ಕ್ಲಿಕ್ ಮಾಡಿದರೆ ನೇರ ಗೆರೆ. ಕ್ಲಿಕ್ ಮಾಡಿದ ಕಡೆ ಕೂರುವ ಬಿಂದುವೇ ನೋಡ್. ಕ್ಲಿಕ್ ಮಾಡಿ, ಬಿಡದೆ ಎಳೆದರೆ ನೋಡ್‌ನ ಎರಡೂ ಕಡೆ ಹ್ಯಾಂಡಲ್ ಅನ್ನುವ ಸಣ್ಣ ಗೆರೆ ಹೊರಡುತ್ತದೆ. ಗೆರೆ ಯಾವ ದಿಕ್ಕಿಗೆ ಹೊರಡಬೇಕು ಅನ್ನುವುದನ್ನು ಹ್ಯಾಂಡಲ್ ಹೇಳುತ್ತದೆ. ಅದು ಉದ್ದವಾದಷ್ಟೂ ಗೆರೆ ತಡವಾಗಿ ತಿರುಗುತ್ತದೆ.

ಹಾಗಾದರೆ ಒಂದು ತುಂಡು ಬಾಗಿಗೆ ನಾಲ್ಕೇ ಬಿಂದು: ಎರಡು ತುದಿಯ ನೋಡ್, ಅವುಗಳ ಎರಡು ಹ್ಯಾಂಡಲ್‌ಗಳ ಕೊನೆ. ನಡುವಿನ ದಾರಿ ಕಂಪ್ಯೂಟರಿಗೆ ಹೇಗೆ ಗೊತ್ತು? ಕಾಗದದ ಮೇಲೆ ನೀವೇ ಮಾಡಿ ನೋಡಬಹುದು. ನಾಲ್ಕು ಬಿಂದುಗಳನ್ನು ಸಾಲಾಗಿ (ಮೊದಲ ನೋಡ್, ಅದರ ಹ್ಯಾಂಡಲ್, ಎರಡನೇ ನೋಡ್‌ನ ಹ್ಯಾಂಡಲ್, ಎರಡನೇ ನೋಡ್) ಸೇರಿಸಿದರೆ ಮೂರು ಗೆರೆ. ಮೂರರ ನಡುಬಿಂದು ಗುರುತಿಸಿ, ಅವನ್ನು ಸೇರಿಸಿ. ಈಗ ಎರಡು ಗೆರೆ. ಅವುಗಳ ನಡುಬಿಂದುಗಳನ್ನು ಸೇರಿಸಿದರೆ ಒಂದೇ ಗೆರೆ. ಅದರ ನಡುಬಿಂದು ಬಾಗಿನ ಮೇಲೇ ಕೂತಿರುತ್ತದೆ! ಅರ್ಧದ ಬದಲು ಕಾಲು, ಮುಕ್ಕಾಲು ಹೀಗೆ ಹಿಡಿದರೆ ಉಳಿದ ಬಿಂದುಗಳೂ ಸಿಗುತ್ತವೆ. 1959ರಲ್ಲಿ ಸಿಟ್ರೊಯೆನ್ ಕಾರು ಕಂಪನಿಯ ಪೌಲ್ ದ ಕಾಸ್ಟಲ್ಜೊ ಕಂಡುಕೊಂಡ ದಾರಿ ಇದು. ಕಂಪನಿ ಗುಟ್ಟಾಗಿ ಇಟ್ಟುಕೊಂಡಿತು. ರೆನೋ ಕಂಪನಿಯ ಪಿಯೆರ್ ಬೆಜಿಯೆ 1960ರ ದಶಕದಲ್ಲಿ ಇದೇ ಬಾಗನ್ನು ಪ್ರಕಟಿಸಿದ್ದರಿಂದ ಹೆಸರು ಬೆಜಿಯೆಗೆ ಹೋಯಿತು.

ಹೊಸಬರು ಸ್ಕ್ಯಾನ್ ಮಾಡಿದ ಅಕ್ಷರದ ಅಂಚಿನುದ್ದಕ್ಕೂ ಕ್ಲಿಕ್ ಮಾಡುತ್ತಾ ಹೋಗುತ್ತಾರೆ. ನೋಡ್ ಜಾಸ್ತಿಯಾದರೆ ಗೆರೆ ಇನ್ನೂ ಚೆನ್ನಾಗಿ ಕೂರುತ್ತದೆ ಅಂತ ಅನಿಸುತ್ತದೆ, ಅಲ್ವಾ? ಆಗುವುದು ಉಲ್ಟಾ. ಪ್ರತಿ ನೋಡ್‌ನಲ್ಲೂ ದಿಕ್ಕು ಚೂರು ತಪ್ಪಿ ಗೆರೆ ನಡುಗುತ್ತದೆ. ಬಾಗಿನ ತೀರಾ ಮೇಲೆ, ತೀರಾ ಕೆಳಗೆ, ಎಡತುದಿ, ಬಲತುದಿ, ಇಷ್ಟು ಕಡೆ ನೋಡ್ ಇಡಿ. ಇಂಕ್‌ಸ್ಕೇಪ್ ಅನ್ನುವ ಸಾಫ್ಟ್‌ವೇರಿನಲ್ಲಾದರೆ ಕಂಟ್ರೋಲ್ ಒತ್ತಿ ಹಿಡಿದು ಹ್ಯಾಂಡಲ್ಲನ್ನು ಅಡ್ಡ ಅಥವಾ ಲಂಬವಾಗಿ ಎಳೆಯಿರಿ. ಪೂರ್ತಿ ವೃತ್ತಕ್ಕೂ ನಾಲ್ಕು ನೋಡ್ ಸಾಕು. ಹ್ಯಾಂಡಲ್ ಉದ್ದ ತ್ರಿಜ್ಯದ ಸುಮಾರು 0.5523 ಪಟ್ಟು ಇರಲಿ. ಬೆಜಿಯೆ ಬಾಗು ಪಕ್ಕಾ ವೃತ್ತವಾಗಲಾರದು, ನಿಜ. ಆದರೆ 1 ಮೀಟರ್ ತ್ರಿಜ್ಯದ ಬೋರ್ಡಿನಲ್ಲೂ ವ್ಯತ್ಯಾಸ 0.3 ಮಿಲಿಮೀಟರ್ ದಾಟುವುದಿಲ್ಲ.

ದುಂಡು ಜಾಸ್ತಿ ಇರುವ ನಮ್ಮ ಲಿಪಿಗೆ ಈ ಶಿಸ್ತು ತುಂಬಾ ಮುಖ್ಯ. ಮುಂಬೈನ ಏಕ್ ಟೈಪ್ ತಂಡ ಮಾಡಿದ ಬಲೂ ತಮ್ಮ ಅನ್ನುವ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ. ಇಂಕ್‌ಸ್ಕೇಪ್ ಕೂಡ ಉಚಿತ. ಅದರಲ್ಲಿ ಆ ಫಾಂಟಿನ ‘ರ’ ಟೈಪ್ ಮಾಡಿ, ಪಾಥ್ ಆಗಿ ಬದಲಿಸಿ, ನೋಡ್‌ಗಳು ಎಲ್ಲೆಲ್ಲಿ ಕೂತಿವೆ ನೋಡಿ. ಪಕ್ಕದಲ್ಲೇ ನೀವು ಎಳೆದ ‘ರ’ ಇಟ್ಟುಕೊಳ್ಳಿ. ಅದರ ಒಂದೊಂದೇ ನೋಡ್ ಅಳಿಸುತ್ತಾ ಹೋಗಿ. ಅಳಿಸಿದಾಗ ಇಂಕ್‌ಸ್ಕೇಪ್ ಉಳಿದ ಹ್ಯಾಂಡಲ್‌ಗಳನ್ನು ಹೊಂದಿಸಿ ಆಕಾರ ಉಳಿಸಲು ನೋಡುತ್ತದೆ. ಆಕಾರ ಕದಲಲಿಲ್ಲ ಅಂದರೆ ಆ ನೋಡ್ ಬೇಕಿರಲಿಲ್ಲ. ಕದಲಿದರೆ ಅಂಡೂ ಒತ್ತಿ, ಮುಂದಿನದಕ್ಕೆ ಹೋಗಿ.