ಎಲ್ಲರೂ ಎಚ್ಚರದಿಂದಿದ್ದ ಒಂದು ಗಂಟೆ: ಕೇಟ್ ಶೋಪಿನ್ ಕಥೆಯ ತಂತ್ರ ಕುರಿತು ಟಿಪ್ಪಣಿ

ಅಮೆರಿಕದ ಲೇಖಕಿ ಕೇಟ್ ಶೋಪಿನ್ ಅವರ ‘ದ ಸ್ಟೋರಿ ಆಫ್ ಆ್ಯನ್ ಅವರ್’ ಸುಮಾರು ಸಾವಿರ ಪದಗಳ ಕಥೆ. ಬರೆದದ್ದು 1894ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ‘ವೋಗ್’ ಪತ್ರಿಕೆ ಅದನ್ನು ‘ದ ಡ್ರೀಮ್ ಆಫ್ ಆ್ಯನ್ ಅವರ್’ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಬದುಕು ಹೇಗೆ ಇದ್ದಕ್ಕಿದ್ದಂತೆ ಮಗುಚುತ್ತದೆ ಎಂಬುದನ್ನು ಈ ಕಥೆ ಹೇಗೆ ಕಟ್ಟಿಕೊಡುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ‘ಕೊನೆಯಲ್ಲಿ ಅನಿರೀಕ್ಷಿತ ತಿರುವು ಇದೆ’ ಎಂದು ಬರೆದು ಮುಗಿಸುತ್ತೇವೆ. ಅಷ್ಟು ಸಾಲದು. ತಿರುವಿನ ಕಥೆಗಳು ಎಷ್ಟೋ ಇವೆ. ಗುಟ್ಟು ತಿಳಿದ ಮೇಲೆ ಅವುಗಳಲ್ಲಿ ಹಲವನ್ನು ಮತ್ತೆ ಓದಬೇಕು ಅನ್ನಿಸುವುದಿಲ್ಲ. ಈ ಕಥೆಯಲ್ಲಿ ನಡೆದಿರುವ ಕೆಲಸ ಕಾಣುವುದೇ ಎರಡನೇ ಓದಿನಲ್ಲಿ.

ಕಥೆಯ ಎಳೆ ಇಷ್ಟು: ಮಿಸೆಸ್ ಮಲಾರ್ಡ್‌ಗೆ ಹೃದಯದ ಕಾಯಿಲೆ. ರೈಲು ಅಪಘಾತದಲ್ಲಿ ಗಂಡ ಬ್ರೆಂಟ್ಲಿ ಸತ್ತನೆಂದು ಸುದ್ದಿ ಬರುತ್ತದೆ. ಅವಳು ಅಳುತ್ತಾಳೆ, ಒಬ್ಬಳೇ ಕೋಣೆಗೆ ಹೋಗುತ್ತಾಳೆ, ಅಲ್ಲಿ ಕೂತಿರುವಾಗ ‘ನಾನಿನ್ನು ಸ್ವತಂತ್ರಳು’ ಎಂಬ ಅರಿವು ಅವಳನ್ನು ಆವರಿಸುತ್ತದೆ. ಹೊರಬಂದು ಮೆಟ್ಟಿಲಿಳಿಯುವ ಹೊತ್ತಿಗೆ ಗಂಡ ಜೀವಂತವಾಗಿ ಬಾಗಿಲು ತೆರೆದು ಒಳಬರುತ್ತಾನೆ. ಅವಳು ಸಾಯುತ್ತಾಳೆ.

ಸಾಮಾನ್ಯವಾಗಿ ಲೇಖಕರು ಓದುಗರಿಂದ ಏನನ್ನೋ ಬಚ್ಚಿಟ್ಟು ಅಚ್ಚರಿ ಹುಟ್ಟಿಸುತ್ತಾರೆ. ಶೋಪಿನ್ ಹೃದಯದ ಕಾಯಿಲೆಯನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತಾರೆ. ಅವಳು ಸಾಯಬಹುದು ಎಂಬ ಮಾಹಿತಿ ಮೊದಲಿನಿಂದಲೂ ನಮ್ಮ ಕೈಯಲ್ಲಿದೆ. ಆದರೆ ಅದೇ ವಾಕ್ಯ, ಸುದ್ದಿಯನ್ನು ಮೆಲ್ಲಗೆ ತಿಳಿಸಲು ಎಲ್ಲರೂ ಎಷ್ಟು ಜಾಗ್ರತೆ ವಹಿಸಿದರು ಎಂದೂ ಹೇಳುತ್ತದೆ. ಹಾಗಾಗಿ ನಮ್ಮ ಭಯ ಒಂದೇ ದಿಕ್ಕಿಗೆ ತಿರುಗುತ್ತದೆ: ದುಃಖದ ಆಘಾತವನ್ನು ಈ ಹೃದಯ ತಡೆದೀತೇ? ಮೂರನೆಯ ಪ್ಯಾರಾದಲ್ಲಿ ಅವಳು ಬಿಕ್ಕಿ ಬಿಕ್ಕಿ ಅಳುತ್ತಾಳೆ, ಅತ್ತು ಹಗುರಾಗುತ್ತಾಳೆ. ಹೃದಯ ತಡೆದುಕೊಂಡಿತು. ಅಲ್ಲಿಗೆ ನಮ್ಮ ಕಾವಲು ಸಡಿಲವಾಗುತ್ತದೆ. ಕಾಯಿಲೆಯ ವಿಷಯ ಅಲ್ಲಿಂದ ಮುಂದೆ ಮನಸ್ಸಿನ ಮೂಲೆಗೆ ಸರಿಯುತ್ತದೆ. ಇದನ್ನು ಬರೀ ‘ಪೂರ್ವಸೂಚನೆ’ ಎಂದು ಕರೆದರೆ ಅರ್ಧ ಉತ್ತರವಾದೀತು. ಸೂಚನೆ ಕೊಟ್ಟು, ನಾವು ತಪ್ಪು ಬಾಗಿಲನ್ನು ಕಾಯುವಂತೆ ಮಾಡಿದ್ದಾರೆ ಎಂಬುದು ಉಳಿದರ್ಧ.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದರ ಪಾತ್ರಗಳ ಎಚ್ಚರ. ಗಂಡನ ಗೆಳೆಯ ರಿಚರ್ಡ್ಸ್ ಪತ್ರಿಕಾ ಕಚೇರಿಯಲ್ಲಿದ್ದಾಗ ಅಪಘಾತದ ಸುದ್ದಿ ಬರುತ್ತದೆ. ಸತ್ತವರ ಪಟ್ಟಿಯಲ್ಲಿ ಬ್ರೆಂಟ್ಲಿಯದೇ ಮೊದಲ ಹೆಸರು. ರಿಚರ್ಡ್ಸ್ ಅದನ್ನು ಕೇಳಿದ ಕೂಡಲೇ ಓಡಿಬರುವುದಿಲ್ಲ. ಎರಡನೆಯ ತಂತಿ (ಟೆಲಿಗ್ರಾಂ) ಬಂದು ಖಚಿತವಾದ ಮೇಲೆಯೇ ಹೊರಡುತ್ತಾನೆ. ಅಷ್ಟು ಸೂಕ್ಷ್ಮವಿಲ್ಲದ ಬೇರೆ ಯಾರಾದರೂ ಮೊದಲು ಹೋಗಿ ಒರಟಾಗಿ ಹೇಳಿಬಿಟ್ಟಾರು ಎಂಬುದೇ ಅವನ ಅವಸರಕ್ಕೆ ಕಾರಣ. ಮಿಸೆಸ್ ಮಲಾರ್ಡ್ ಅವರ ಸೋದರಿ ಜೋಸೆಫೀನ್ ತುಂಡು ತುಂಡು ಮಾತುಗಳಲ್ಲಿ, ಸುಳಿವು ಕೊಡುತ್ತಾ ಕೊಡುತ್ತಾ ವಿಷಯ ತಿಳಿಸುತ್ತಾಳೆ. ಆಮೇಲೆ ಕೋಣೆಯ ಬೀಗದ ಕಂಡಿಗೆ ತುಟಿ ಹಚ್ಚಿ, ಬಾಗಿಲು ತೆರೆ, ಕಾಯಿಲೆ ಬರಿಸಿಕೊಳ್ಳುತ್ತೀಯ ಎಂದು ಅಂಗಲಾಚುತ್ತಾಳೆ. ಕೊನೆಯಲ್ಲೂ ರಿಚರ್ಡ್ಸ್ ತಟ್ಟನೆ ಅಡ್ಡ ಬಂದು, ಬ್ರೆಂಟ್ಲಿ ಅವಳ ಕಣ್ಣಿಗೆ ಬೀಳದಂತೆ ತಡೆಯಲು ನೋಡುತ್ತಾನೆ. ಯಾರೂ ಉದಾಸೀನ ಮಾಡಿಲ್ಲ, ಯಾರಲ್ಲೂ ಕೇಡಿಲ್ಲ. ಯಾರದೋ ತಪ್ಪಿನಿಂದ ಅವಳು ಸತ್ತಿದ್ದರೆ ನಾವು ತಪ್ಪಿತಸ್ಥರನ್ನು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಆ ದಾರಿಯನ್ನು ಲೇಖಕಿ ಮುಚ್ಚಿದ್ದಾರೆ. ಮನುಷ್ಯರಿಂದ ಸಾಧ್ಯವಾದ ಎಚ್ಚರವನ್ನೆಲ್ಲ ವಹಿಸಿದ ಮೇಲೂ ಅನಿರೀಕ್ಷಿತವು ಬಂದೇ ಬರುತ್ತದೆ ಎಂಬುದನ್ನು ಕಥೆ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಘಟನೆಗಳನ್ನು ಜೋಡಿಸಿದ ರೀತಿಯೇ ಅದನ್ನು ಹೇಳುತ್ತದೆ.

ತಂತಿಯ ಪಾತ್ರವನ್ನೂ ಗಮನಿಸಿ. ಸುದ್ದಿ ಮನುಷ್ಯನಿಗಿಂತ ವೇಗವಾಗಿ ಓಡುವ ಕಾಲ ಅದು. ಬ್ರೆಂಟ್ಲಿ ಮನೆ ಸೇರುವ ಮೊದಲೇ ಅವನ ಸಾವು ಮನೆ ಸೇರಿದೆ. ಅಪಘಾತ ಆಗಿದೆ ಎಂಬುದೂ ಅವನಿಗೆ ತಿಳಿದಿರುವುದಿಲ್ಲ.

ಇನ್ನು ಕಾಲದ ನಿರ್ವಹಣೆ. ಆರಂಭದ ಸುದ್ದಿ ಮತ್ತು ಅಳು ಕೆಲವೇ ಸಾಲುಗಳಲ್ಲಿ ಮುಗಿಯುತ್ತವೆ. ಕೊನೆಯ ಆಘಾತವೂ ಅಷ್ಟೇ ಚುಟುಕು. ನಡುವಿನ ಕೋಣೆಯ ದೃಶ್ಯ ಮಾತ್ರ ಕಥೆಯ ಬಹುಭಾಗವನ್ನು ತೆಗೆದುಕೊಳ್ಳುತ್ತದೆ. ತೆರೆದ ಕಿಟಕಿ, ಎದುರಿಗೆ ಅಗಲವಾದ ಆರಾಮಕುರ್ಚಿ, ವಸಂತದ ಚಿಗುರಿಗೆ ಕಂಪಿಸುವ ಮರದ ತುದಿಗಳು, ಮಳೆಯ ವಾಸನೆ, ಬೀದಿಯಲ್ಲಿ ಕೂಗಿ ಮಾರುವವನ ದನಿ, ಸೂರಿನಡಿ ಗುಬ್ಬಚ್ಚಿಗಳು, ಮೋಡಗಳ ನಡುವೆ ನೀಲಿಯ ತೇಪೆಗಳು. ಸಾವಿನ ಸುದ್ದಿ ಕೇಳಿ ಬಂದವಳ ಮುಂದೆ ಜೀವ ತುಂಬಿದ ಚಿತ್ರಗಳನ್ನೇ ಸಾಲಾಗಿ ಇಟ್ಟಿರುವುದು ಸುಮ್ಮನೆ ಅಲ್ಲ. ಗಂಡನ ಸಾವಿಗಿಂತ ಅವಳ ಒಳಗೆ ಏಳುತ್ತಿರುವ ಸಂತೋಷವೇ ಇಲ್ಲಿ ಮೊದಲ ಅನಿರೀಕ್ಷಿತ. ಅದು ಅವಳಿಗೂ ಗೊತ್ತಿಲ್ಲ. ಏನೋ ತನ್ನ ಕಡೆಗೆ ಬರುತ್ತಿದೆ ಎಂದು ಅವಳು ಹೆದರಿ ಕಾಯುತ್ತಾಳೆ, ಅದನ್ನು ತಳ್ಳಿಹಾಕಲು ಹೆಣಗುತ್ತಾಳೆ. ನಿರೂಪಣೆ ಪೂರ್ತಿ ಅವಳ ಮನಸ್ಸಿಗೆ ಅಂಟಿಕೊಂಡಿರುವುದರಿಂದ, ಬರುತ್ತಿರುವುದು ಏನೆಂದು ಅವಳಿಗಿಂತ ಮೊದಲು ನಮಗೂ ತಿಳಿಯುವುದಿಲ್ಲ. ಅಂದರೆ ಬದುಕು ಹೊರಗಿನಿಂದ ಮಾತ್ರ ಅಚ್ಚರಿ ಕೊಡುವುದಿಲ್ಲ. ನಮ್ಮ ಮನಸ್ಸೇ ನಮಗೆ ಅಚ್ಚರಿ ಕೊಡಬಲ್ಲದು. ‘ಅನಿಶ್ಚಿತತೆ’ ಎಂದ ಕೂಡಲೇ ರೈಲು ಅಪಘಾತದ ಕಡೆಗೆ ಓಡುವ ಉತ್ತರಗಳು ಈ ಪದರವನ್ನು ಬಿಟ್ಟುಬಿಡುತ್ತವೆ.

ಇದೇ ದೃಶ್ಯದಲ್ಲಿ ಒಂದು ಸಾಲಿದೆ. ಸಾವಿನಲ್ಲಿ ಮಡಚಿಟ್ಟ ಅವನ ಕರುಣೆಯ ಕೈಗಳನ್ನು, ತನ್ನನ್ನು ಪ್ರೀತಿಯಿಂದಲ್ಲದೆ ನೋಡಿರದ ಆ ಮುಖ ಕಳೆಗುಂದಿ ನಿಶ್ಚಲವಾಗಿರುವುದನ್ನು ಕಂಡಾಗ ತಾನು ಮತ್ತೆ ಅಳುತ್ತೇನೆ ಎಂದು ಅವಳಿಗೆ ಗೊತ್ತಿತ್ತು, ಎಂಬರ್ಥದ ಸಾಲು. ‘ಬಹುಶಃ’ ಎನ್ನುವುದಿಲ್ಲ, ‘ಗೊತ್ತಿತ್ತು’ ಎನ್ನುತ್ತದೆ. ಮೊದಲ ಓದಿಗೆ ಅದು ಹೆಂಡತಿಯೊಬ್ಬಳ ಪ್ರಾಮಾಣಿಕ ಮಾತು. ಎರಡನೆಯ ಓದಿಗೆ ಎದೆ ಝಲ್ಲೆನ್ನುತ್ತದೆ, ಏಕೆಂದರೆ ಸ್ವಲ್ಪ ಹೊತ್ತಿನಲ್ಲೇ ಅವಳು ಕಾಣುವುದು ಅದೇ ಮುಖವನ್ನು, ಜೀವಂತವಾಗಿ. ಅಳುವಷ್ಟು ಕಾಲವೂ ಅವಳಿಗೆ ಉಳಿದಿರುವುದಿಲ್ಲ. ಹಾಗೆಯೇ, ಬದುಕು ಎಲ್ಲಿ ದೀರ್ಘವಾಗಿಬಿಡುತ್ತದೋ ಎಂದು ನಿನ್ನೆಯಷ್ಟೇ ನಡುಗಿದ್ದವಳು ಈಗ ದೀರ್ಘಾಯುಷ್ಯಕ್ಕಾಗಿ ಪ್ರಾರ್ಥಿಸುತ್ತಾಳೆ. ಮುಂದಿನ ವಸಂತ, ಬೇಸಿಗೆಗಳನ್ನೆಲ್ಲ ಕಣ್ಮುಂದೆ ತಂದುಕೊಳ್ಳುತ್ತಾಳೆ. ಭವಿಷ್ಯದ ಬಗ್ಗೆ ಇಷ್ಟೊಂದು ಖಚಿತವಾದ ಮಾತುಗಳನ್ನು ಲೇಖಕಿ ಸಾವಿಗೆ ತೀರ ಸಮೀಪದಲ್ಲಿ ಇಟ್ಟಿದ್ದಾರೆ. ಕಥೆಯ ಮೊನಚು ಇರುವುದು ಇಲ್ಲಿ.

ಹೆಸರುಗಳನ್ನೂ ನೋಡಿ. ಕಥೆ ಶುರುವಾದಾಗ ಅವಳು ಮಿಸೆಸ್ ಮಲಾರ್ಡ್. ತಾನು ಸ್ವತಂತ್ರಳು ಎಂದು ಅರಿತ ಮೇಲೆಯೇ ಬಾಗಿಲಾಚೆಯಿಂದ ‘ಲೂಯಿಸ್’ ಎಂಬ ಅವಳದೇ ಹೆಸರು ಕೇಳಿಬರುತ್ತದೆ. ಕೊನೆಯಲ್ಲಿ ರಿಚರ್ಡ್ಸ್ ಬ್ರೆಂಟ್ಲಿಯನ್ನು ಮರೆಮಾಡಲು ಹೊರಟಾಗ ಅವಳು ಮತ್ತೆ ‘ಅವನ ಹೆಂಡತಿ’.

ಮುಕ್ತಾಯವನ್ನು ನಿಧಾನವಾಗಿ ಓದಬೇಕು. ಯಾರೋ ಮುಂಬಾಗಿಲನ್ನು ಕೀಲಿಯಿಂದ ತೆರೆಯುತ್ತಿದ್ದರು ಎಂದು ವಾಕ್ಯ ಆರಂಭವಾಗುತ್ತದೆ. ‘ಯಾರೋ’ ಎಂಬಲ್ಲಿ ನಿರೂಪಣೆ ಬೇಕೆಂದೇ ಹೆಸರು ಹೇಳುವುದಿಲ್ಲ. ಆದರೆ ಕೀಲಿ ಇರುವುದು ಮನೆಯವರ ಬಳಿ ತಾನೆ? ಒಂದು ಕ್ಷಣ ಓದುಗರಿಗೆ ಅನುಮಾನ ಬರುತ್ತದೆ, ಅದು ಬಲಿಯುವ ಮೊದಲೇ ಬ್ರೆಂಟ್ಲಿ ಕಾಣಿಸುತ್ತಾನೆ: ಪ್ರಯಾಣದ ಧೂಳು, ಕೈಯಲ್ಲಿ ಚೀಲ ಮತ್ತು ಛತ್ರಿ, ಏನೂ ಆಗದವನ ನೆಮ್ಮದಿ. ದಿನನಿತ್ಯದ ಈ ಸಾದಾ ವಿವರಗಳಿಂದಲೇ ಆಘಾತ ಬರುತ್ತದೆ. ಗುಡುಗು ಸಿಡಿಲು ಬೇಕಾಗಿಲ್ಲ. ನಂತರ ಜೋಸೆಫೀನ್ ಚೀರುತ್ತಾಳೆ, ರಿಚರ್ಡ್ಸ್ ಅಡ್ಡ ಬರುತ್ತಾನೆ, ಆದರೆ ತಡವಾಗಿತ್ತು. ಮುಂದಿನ ವಾಕ್ಯದಲ್ಲಿ ಆಗಲೇ ವೈದ್ಯರು ಬಂದಿದ್ದಾರೆ. ಅವಳು ಅವನನ್ನು ಕಂಡದ್ದು, ಕುಸಿದದ್ದು, ಉಸಿರು ನಿಂತದ್ದು ಯಾವುದೂ ಕಥೆಯಲ್ಲಿಲ್ಲ. ಇಷ್ಟು ಹೊತ್ತು ಅವಳ ಮನಸ್ಸಿನೊಳಗೇ ಇದ್ದ ನಮ್ಮನ್ನು ಒಂದೇ ಏಟಿಗೆ ಹೊರಗೆ ಹಾಕಿ ಬಾಗಿಲು ಮುಚ್ಚಲಾಗಿದೆ. ಅತಿ ದೊಡ್ಡ ಘಟನೆಯನ್ನು ಎರಡು ವಾಕ್ಯಗಳ ನಡುವಿನ ಖಾಲಿ ಜಾಗದಲ್ಲಿ ಇಟ್ಟಿರುವುದು ಈ ಕಥೆಯ ಅತ್ಯಂತ ಧೈರ್ಯದ ತಂತ್ರ ಎಂದು ನನ್ನ ಅಭಿಪ್ರಾಯ.

ಸಂತೋಷ ತಾಳಲಾರದೆ ಹೃದಯ ನಿಂತಿತು ಎಂಬುದು ವೈದ್ಯರ ತೀರ್ಮಾನ. ಕೋಣೆಯೊಳಗೆ ನಡೆದದ್ದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇದನ್ನೇ ನಾಟಕೀಯ ವ್ಯಂಗ್ಯ ಎನ್ನುವುದು. ಉತ್ತರ ಬರೆಯುವಾಗ ಬರೀ ಹೆಸರು ಹೇಳಿ ಬಿಡದೆ, ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ ಎಂದು ಬಿಡಿಸಿ ಬರೆಯಿರಿ.

ಲೇಖಕಿಯ ಬದುಕಿನ ಒಂದು ಸಂಗತಿಯನ್ನು ಹಲವರು ಉತ್ತರಕ್ಕೆ ಸೇರಿಸುತ್ತಾರೆ. 1855ರ ನವೆಂಬರಿನಲ್ಲಿ ಮಿಸೌರಿಯ ಗ್ಯಾಸ್ಕನೇಡ್ ನದಿಯ ಸೇತುವೆ ಹೊಸ ರೈಲುಮಾರ್ಗದ ಉದ್ಘಾಟನಾ ಪ್ರಯಾಣದ ದಿನವೇ ಕುಸಿಯಿತು. ಸತ್ತವರಲ್ಲಿ ಶೋಪಿನ್ ಅವರ ತಂದೆಯೂ ಒಬ್ಬರು. ಆಗ ಮಗಳಿಗೆ ಐದು ವರ್ಷ. 1882ರಲ್ಲಿ ಗಂಡನೂ ತೀರಿಕೊಂಡರು. ಇದನ್ನು ಬರೆಯಬಹುದು, ಆದರೆ ಕಥೆಗೆ ಅದೇ ಕಾರಣ ಎಂಬಂತೆ ಬರೆದರೆ ತಂತ್ರದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಹೋಲಿಕೆಗೆ ಬಳಸುವುದಾದರೆ ವ್ಯತ್ಯಾಸದ ಮೇಲೆ ಗಮನವಿಡಿ: ಅವರ ಮನೆಗೆ ಬಂದ ಸುದ್ದಿ ನಿಜವಾಗಿತ್ತು, ಕಥೆಯ ಮನೆಗೆ ಬಂದದ್ದು ಸುಳ್ಳು. ಆ ಒಂದು ಬದಲಾವಣೆ ಇಲ್ಲದಿದ್ದರೆ ಲೂಯಿಸ್‌ಗೆ ಕಿಟಕಿಯ ಮುಂದಿನ ಆ ಹೊತ್ತೂ ಸಿಗುತ್ತಿತ್ತು, ಅದರ ನಂತರದ ವರ್ಷಗಳೂ ಸಿಗುತ್ತಿದ್ದವು.