ಬಿಲ್ಡ್ ಕೇಳೋ ಮುಂಚೆ ಸ್ಟ್ಯಾಮಿನಾ ನೋಡ್ರೋ

"ಅಣ್ಣಾ, ಯಾರೂ ಸೋಲ್ಸಕ್ಕಾಗ್ದೇ ಇರೋ ಬಿಲ್ಡ್ ಒಂದು ಹೇಳಣ್ಣಾ" ಅಂತ ಕೌಂಟರ್ ಹತ್ರ ಬಂದು ನಿಂತ್ಕೊಳ್ಳೋ ಹುಡುಗ್ರಿಗೆ ನಾನು ಮೊದ್ಲು ಕೇಳೋದು ಒಂದೇ, ಯಾರ್ ಜೊತೆ ಆಡಕ್ಕೋ ಮಾರಾಯಾ? ಕಂಪ್ಯೂಟರ್ ಜೊತೆಗಾ, ಮನುಷ್ಯರ ಜೊತೆಗಾ? ಅರ್ಧ ಜನ ಅಲ್ಲೇ ತಡವರಿಸ್ತಾರೆ. (ಬಿಲ್ಡ್ ಅಂದ್ರೆ ಗೇಮಲ್ಲಿ ನಮ್ಮ ಕ್ಯಾರೆಕ್ಟರ್‌ಗೆ ಪಾಯಿಂಟು, ಬಟ್ಟೆ, ಸ್ಕಿಲ್ಲು ಹೊಂದ್ಸೋ ರೀತಿ.) ಶಿವಮೊಗ್ಗದಲ್ಲಿ ಗೇಮಿಂಗ್ ಕೆಫೆ ನಡ್ಸೋದು ನನ್ನ ಕೆಲಸ, ತೀರ್ಥಹಳ್ಳಿ ಕಡೆಯಿಂದ ಸಾಗರದ ಕಡೆಯಿಂದ ಇಲ್ಲಿ ಪಿಜಿಯಲ್ಲಿದ್ಕೊಂಡು ಓದೋ ಹುಡುಗ್ರು ಶನಿವಾರ ಭಾನುವಾರ ಬಂದು ಕೂರ್ತಾರೆ, ಅವ್ರಲ್ಲಿ ಡ್ರ್ಯಾಗನ್ ಬಾಲ್ ಝೆನೋವರ್ಸ್ 2 ಅನ್ನೋ ಫೈಟಿಂಗ್ ಗೇಮಿನ ಹುಚ್ಚು ಇನ್ನೂ ಇಳಿದಿಲ್ಲ. 2016ರಲ್ಲಿ ಬಂದ ಗೇಮು, ಡಿಂಪ್ಸ್ ಮಾಡಿದ್ದು, ಬಂದಾಯ್ ನಾಮ್ಕೋ ಬಿಟ್ಟಿದ್ದು. ಇವತ್ತಿಗೂ ಯಾಕೆ ಆಡ್ತಾರೆ ಅಂದ್ರೆ ನಮ್ಮದೇ ಒಂದು ಕ್ಯಾರೆಕ್ಟರ್ ಹುಟ್ಸಿ ಬೆಳೆಸ್ಬೋದು, ಬರೀ ಡ್ರ್ಯಾಗನ್ ಬಾಲ್ ಕಾರ್ಟೂನಿನ ಗೋಕು ವೆಜಿಟಾ ತಗೊಂಡು ಗುದ್ದಾಡೋ ಗೇಮಲ್ಲ.

ಯೂಟ್ಯೂಬ್‌ನಲ್ಲಿ ತೋರ್ಸೋ "ಒಂದೇ ಏಟಿಗೆ ಬಾಸ್ ಢಮಾರ್" ವಿಡಿಯೋಗಳೆಲ್ಲಾ ಕಂಪ್ಯೂಟರ್ ಮೇಲೆ ಮಾಡಿದ್ದು. ಪ್ಯಾರಲಲ್ ಕ್ವೆಸ್ಟ್, ಎಕ್ಸ್‌ಪರ್ಟ್ ಮಿಷನ್ ತರದ ಕಡೆ ಎದುರಿಗಿರೋದು ದೊಡ್ಡ ಬಾಸು, ತಪ್ಪಿಸ್ಕೊಳ್ಳೋದು ಕಮ್ಮಿ, ಅಲ್ಲಿ ಕೀ ಬ್ಲಾಸ್ಟ್ ಸೂಪರ್‌ಗೆ (ದೂರದಿಂದ ಬಿಡೋ ಕಿರಣದ ಏಟು) ಪಾಯಿಂಟ್ ಸುರಿದು ದೂರದಿಂದ ಅಲ್ಟಿಮೇಟ್ ಅನ್ನೋ ದೊಡ್ಡ ಏಟು ಬಿಡ್ತಾ ಇದ್ರೆ ಸಾಕು, ಕೆಲಸ ಆಗುತ್ತೆ. ಅದೇ ಕ್ಯಾರೆಕ್ಟರ್ ತಗೊಂಡು ಆನ್‌ಲೈನ್ ಮ್ಯಾಚಿಗೆ ಹೋಗಿ ಫೈನಲ್ ಫ್ಲ್ಯಾಶ್ ಅನ್ನೋ ಕಿರಣ ಚಾರ್ಜ್ ಮಾಡಕ್ಕೆ ನಿಂತ್ರೆ ಎದುರಿನೋನು ಮಾಯ ಆಗಿ ಬೆನ್ನ ಹಿಂದೆ ಬಂದು ನಿಂತಿರ್ತಾನೆ. ಮುಂದೆ ಹೇಳೋದೆಲ್ಲಾ ಮನುಷ್ಯರ ಜೊತೆ ಆಡೋದ್ರ ಬಗ್ಗೆ.

ಪಾಯಿಂಟ್ ಹಾಕಕ್ಕೆ ಆರು ಗುಣ ಇದೆ. ಹೆಲ್ತ್, ಕೀ (ಸ್ಕಿಲ್ ಬಿಡಕ್ಕೆ ಬೇಕಾದ ಶಕ್ತಿ), ಸ್ಟ್ಯಾಮಿನಾ, ಬೇಸಿಕ್ ಅಟ್ಯಾಕ್, ಸ್ಟ್ರೈಕ್ ಸೂಪರ್ (ಹತ್ರ ಹೋಗಿ ಗುದ್ದೋ ಸ್ಕಿಲ್), ಕೀ ಬ್ಲಾಸ್ಟ್ ಸೂಪರ್. ಗೇಮ್ ಬಂದಾಗ ಲೆವೆಲ್ 80ಕ್ಕೆ ನಿಲ್ತಾ ಇತ್ತು, ಅಪ್ಡೇಟ್ ಮೇಲೆ ಅಪ್ಡೇಟ್ ಬಂದು ಈಗ 99ನ್ನೂ ದಾಟಿ ಹೋಗಿದೆ, ಆದ್ರೂ ಆರನ್ನೂ ತುಂಬ್ಸೋಷ್ಟು ಪಾಯಿಂಟ್ ಸಿಗಲ್ಲ. ಹೊಸಬ್ರು ಮಾಡೋದು ಏನಂದ್ರೆ ಎಲ್ಲಾದಕ್ಕೂ ಸಮ ಸಮ ಹಂಚ್ತಾರೆ, ಯಾವ್ದೂ ಕಮ್ಮಿ ಆಗ್ಬಾರ್ದು ಅಂತ, ಆಗ ಏಟಲ್ಲೂ ದಮ್ಮಿಲ್ಲ ತಡ್ಕೊಳ್ಳೋದ್ರಲ್ಲೂ ದಮ್ಮಿಲ್ಲ. ಸ್ಟ್ರೈಕಾ ಕೀ ಬ್ಲಾಸ್ಟಾ, ಯಾವ್ದಾದ್ರೂ ಒಂದನ್ನ ಪೂರ್ತಿ ಬಿಟ್‌ಬಿಡಿ, ಸೊನ್ನೆ ಇಟ್ರೂ ಪರ್ವಾಗಿಲ್ಲ. ಬೇಸಿಕ್ ಅಟ್ಯಾಕ್ ಮಾತ್ರ ಇಬ್ರಿಗೂ ಬೇಕು, ಯಾಕಂದ್ರೆ ಕಾಂಬೋ (ಒಂದರ ಹಿಂದೆ ಒಂದು ಬೀಳೋ ಏಟು) ಶುರುವಾಗೋದೇ ಅದ್ರಿಂದ, ಕೀ ತುಂಬೋದೂ ಏಟು ಹಾಕಿದಾಗ್ಲೇ. ನನ್ನ ಕೇಳಿದ್ರೆ ಮ್ಯಾಚ್ ಆಡೋರಿಗೆ ಬೇಸಿಕ್ ಜೊತೆ ಸ್ಟ್ರೈಕ್ ಹಾಕಿ ಅಂತೀನಿ. ಕೀ ಬ್ಲಾಸ್ಟ್ ಬಿಲ್ಡಲ್ಲಿ ಗೆಲ್ಲೋರೂ ಇದಾರೆ, ಅವ್ರ ಕೈ ಬೇರೆ ಲೆವೆಲ್ಲು, ಕಾಂಬೋ ಮಧ್ಯದಲ್ಲೇ ಬ್ಲಾಸ್ಟ್ ಸೇರ್ಸಿ ಬಿಡೋಕೆ ಬರ್ಬೇಕು.

ಈಗ ಅಸಲಿ ವಿಷಯ, ಸ್ಟ್ಯಾಮಿನಾ. ಇದಕ್ಕೆ ಪಾಯಿಂಟ್ ಹಾಕಿ ಅಂದ್ರೆ ಹುಡುಗ್ರ ಮುಖ ಸಪ್ಪೆ ಆಗುತ್ತೆ, ಡ್ಯಾಮೇಜ್ ನಂಬರ್ ದೊಡ್ಡದು ಕಂಡ್ರೆ ತಾನೇ ಖುಷಿ. ಆದ್ರೆ ಈ ಗೇಮಲ್ಲಿ ಸ್ಟ್ಯಾಮಿನಾ ಅಂದ್ರೆ ಕಬಡ್ಡಿಲಿ ಉಸಿರು ಇದ್ದಂಗೆ, ಎಷ್ಟೇ ಗಟ್ಟಿ ಆಳಾದ್ರೂ ಎದುರು ಪಾಳೆಯದಲ್ಲಿ ಉಸಿರು ಬಿಟ್ರೆ ಅಲ್ಲಿಗೆ ಔಟು. ಬೂಸ್ಟ್ ಡ್ಯಾಶ್‌ಗೆ (ಜೋರಾಗಿ ನುಗ್ಗೋದು) ಅದೇ ಖರ್ಚು, ಏಟು ತಪ್ಪಿಸಿ ಹಿಂದಕ್ಕೆ ಮಾಯ ಆಗಿ ಬರೋದಕ್ಕೂ ಅದೇ, ಕಾಂಬೋ ಒಳಗೆ ಸಿಕ್ಕಾಕ್ಕೊಂಡಾಗ ಎವೇಸಿವ್ ಸ್ಕಿಲ್ ಒತ್ತಿ ಬಿಡಿಸ್ಕೊಳ್ಳೋದಕ್ಕೂ ಅದೇ. ಗಾರ್ಡ್ ಹಿಡ್ಕೊಂಡು ದೊಡ್ಡ ಏಟು ತಡೀತಾ ತಡೀತಾ ಅದು ಖಾಲಿ ಆಯ್ತೋ, ಸ್ಟ್ಯಾಮಿನಾ ಬ್ರೇಕ್, ಕ್ಯಾರೆಕ್ಟರ್ ತಲೆ ತಿರುಗಿದಂಗೆ ನಿಲ್ಲುತ್ತೆ, ಆಗ ಎದುರಿನೋನಿಗೆ ಹಬ್ಬ. ಒಳ್ಳೆ ಆಟಗಾರ ನಿಮ್ಮ ಹೆಲ್ತ್ ಬಾರ್ ನೋಡೋದೇ ಇಲ್ಲ, ಸ್ಟ್ಯಾಮಿನಾ ಬಾರ್ ಮೇಲೆ ಕಣ್ಣಿಟ್ಟಿರ್ತಾನೆ, ಅದು ಕರಗೋವರ್ಗೂ ಸಣ್ಣ ಪುಟ್ಟ ಏಟು ಹಾಕ್ತಾ ಕಾಯ್ತಾನೆ, ಕರಗಿದ ಮೇಲೆ ಅಲ್ಟಿಮೇಟು. ನನ್ನ ಕೆಫೆಲಿ ಹುಡುಗ್ರು ಸೋತ ಮ್ಯಾಚುಗಳಲ್ಲಿ ಬಹಳಷ್ಟು ಹಿಂಗೇ ಹೋಗೋದು, ಸೋತೋನು ಮಾತ್ರ "ಅವಂದು ಓಪಿ ಬಿಲ್ಡು ಅಣ್ಣಾ" ಅಂತ ಎದ್ದು ಬರ್ತಾನೆ. ಓಪಿ ಅಂದ್ರೆ ಮಿತಿಮೀರಿದ ಬಲ ಇರೋದು. ಓಪಿ ಎಂತ ಇಲ್ಲ, ನಿನ್ನ ಸ್ಟ್ಯಾಮಿನಾ ಖಾಲಿ ಆಗಿತ್ತು ಅಷ್ಟೇ.

ಜಾತಿ ಯಾವ್ದು ತಗೋಬೇಕು ಅನ್ನೋದೂ (ಗೇಮಿನ ಜಾತಿ ಮಾರಾಯ್ರೆ) ಇದೇ ಲೆಕ್ಕದಲ್ಲಿ ನೋಡ್ಬೇಕು. ಎಲ್ರೂ ಓಡೋದು ಸೈಯನ್ ಕಡೆಗೆ, ಕೂದ್ಲು ಹಳದಿ ಆಗುತ್ತಲ್ಲ. ಸೈಯನ್‌ಗೆ ಏಟು ಜೋರು, ಸಾಯೋ ಹಂತಕ್ಕೆ ಬಂದಾಗ ಇನ್ನೂ ಜೋರು, ಆದ್ರೆ ಹೆಲ್ತ್ ಕಮ್ಮಿ. ನಮೇಕಿಯನ್‌ಗೆ ಹೆಲ್ತ್ ಜಾಸ್ತಿ, ಸ್ಟ್ಯಾಮಿನಾ ಬೇಗ ವಾಪಸ್ ತುಂಬುತ್ತೆ, ಹೆಲ್ತ್ ತೀರಾ ಇಳಿದ್ರೆ ತಾನಾಗೇ ಸ್ವಲ್ಪ ಏರುತ್ತೆ, ಏಟು ಮಾತ್ರ ಮೆತ್ತಗೆ. ಮಾಜಿನ್ ಗಟ್ಟಿ ಆಳು, ಸ್ಟ್ಯಾಮಿನಾ ತುಂಬಿದ್ದಾಗ ಇನ್ನೂ ಗಟ್ಟಿ, ಖಾಲಿ ಆದ್ರೆ ತುಂಬಕ್ಕೆ ಯುಗ ಹಿಡಿಯುತ್ತೆ. ಫ್ರೀಝಾ ಕುಲದೋರು ವೇಗ, ಏಟು ಕಮ್ಮಿ. ಭೂಮಿಯೋರಿಗೆ ಕೀ ತಾನಾಗೇ ತುಂಬ್ತಾ ಇರುತ್ತೆ, ಬೇರೆಯೋರಂಗೆ ಚಾರ್ಜ್ ಮಾಡ್ತಾ ನಿಲ್ಲೋ ತಲೆನೋವು ಕಮ್ಮಿ. ಹೊಸಬ್ರಿಗೆ ನಾನು ಕೊಡ್ಸೋದು ನಮೇಕಿಯನ್ನು ಇಲ್ಲಾ ಭೂಮಿಯೋರು. ಹಸಿರು ಮೈ ನೋಡಿ ಮೂಗು ಮುರೀತಾರೆ, ಎರಡು ವಾರ ಆಡಿದ್ಮೇಲೆ ಬಿಡಲ್ಲ.

ಎತ್ತರದ ಬಗ್ಗೆ ಒಂದು ಮಾತು. ಉದ್ದ ಮಾಡಿದ್ರೆ ಹೆಲ್ತ್ ಜಾಸ್ತಿ ವೇಗ ಕಮ್ಮಿ, ಕುಳ್ಳ ಮಾಡಿದ್ರೆ ಉಲ್ಟಾ. ಕುಳ್ಳಂಗೆ ಕೈ ಎಟುಕೋದೂ ಕಮ್ಮಿ ಅನ್ನೋದು ನೆನಪಿರ್ಲಿ.

ಬಟ್ಟೆ ವಿಷಯಕ್ಕೆ ಬಂದ್ರೆ ಕ್ಯೂಕ್ಯೂ ಬ್ಯಾಂಗ್ ಇಲ್ದೇ ಇರೋ ಬಿಲ್ಡು ಅರ್ಧ ಬಿಲ್ಡು. ಎರಡು ಬಟ್ಟೆ ಮಿಕ್ಸ್ ಮಾಡಿದ್ರೆ ಒಂದು ಸಿಗುತ್ತೆ, ಅದನ್ನ ಹಾಕ್ಕೊಂಡ್ರೆ ಮೈಮೇಲಿನ ಬಟ್ಟೆ ನಂಬರ್ ಲೆಕ್ಕಕ್ಕಿಲ್ಲ, ಬೇಕಾದ ಡ್ರೆಸ್ ಹಾಕಿ ಮೆರೀಬೋದು. ಒಂದೊಂದು ಗುಣಕ್ಕೂ ಪ್ಲಸ್ 5ರ ತನಕ ಏರುತ್ತೆ, ಮೈನಸ್ 5ರ ತನಕ ಇಳಿಯುತ್ತೆ, ಯಾವ್ದು ಬರುತ್ತೋ ಅದೃಷ್ಟ. ಎಲ್ಲಾ ಪ್ಲಸ್ ಇರೋದು ಸಿಗ್ಲಿ ಅಂತ ದಿನಗಟ್ಲೆ ಬಟ್ಟೆ ಕೊಂಡು ಕೊಂಡು ಕಲ್ಸೋರಿದಾರೆ, ಬೇಡ. ನೀವು ಸ್ಟ್ರೈಕ್ ಬಿಲ್ಡಾದ್ರೆ ಕೀ ಬ್ಲಾಸ್ಟ್ ಮೈನಸ್ 5 ಇದ್ರೆ ಏನ್ ನಷ್ಟ ಹೇಳಿ, ಹೆಂಗಿದ್ರೂ ಅದನ್ನ ಬಿಟ್ಟಾಗಿದೆ. ಬಿಟ್ಟಿರೋ ಗುಣದಲ್ಲಿ ಮೈನಸ್ ಬಂದು ಸ್ಟ್ಯಾಮಿನಾದಲ್ಲಿ ಹೆಲ್ತಲ್ಲಿ ಪ್ಲಸ್ ಬಂದಿರೋದನ್ನ ಇಟ್ಕೊಳ್ಳಿ, ಮಿಕ್ಕಿದ್ದು ಪಾಯಿಂಟಲ್ಲಿ ಸರಿದೂಗ್ಸಿ.

ರೂಪ ಬದಲಾಯ್ಸೋದ್ರಲ್ಲೂ ಹುಡುಗ್ರು ಬಣ್ಣ ನೋಡ್ತಾರೆ. ಸೂಪರ್ ಸೈಯನ್ ಬ್ಲೂ ಆದ್ರೆ ಏಟು ಭಾರಿ, ಕೀ ಒಂದೇ ಸಮ ಸೋರ್ತಾ ಇರುತ್ತೆ. ಕಯೋಕೆನ್ ಅನ್ನೋ ರೂಪ ಸ್ಟ್ಯಾಮಿನಾನೇ ತಿನ್ನುತ್ತೆ, ಮೇಲೆ ಹೇಳಿದ್ದೆಲ್ಲಾ ಓದಿದ್ರೆ ಅದ್ರ ಬಗ್ಗೆ ನನ್ನ ಅಭಿಪ್ರಾಯ ಗೊತ್ತಾಗಿರುತ್ತೆ. ನಮೇಕಿಯನ್ ದೈತ್ಯ ಆಗೋದು ನೋಡಕ್ಕೆ ಮಜಾ, ಮ್ಯಾಚಲ್ಲಿ ಅಷ್ಟು ದೊಡ್ಡ ಮೈಗೆ ಏಟು ಹಾಕಕ್ಕೆ ಗುರಿನೂ ಬೇಕಾಗಲ್ಲ. ಎಲ್ಲಾ ಕುಲದೋರೂ ಹಾಕ್ಕೋಬೋದಾದ ಪೊಟೆನ್ಶಿಯಲ್ ಅನ್‌ಲೀಶ್ಡ್ ಇದೆಯಲ್ಲ, ಅದು ಏನನ್ನೂ ಸೋರ್ಸಲ್ಲ, ಎಲ್ಲಾನೂ ಹದವಾಗಿ ಏರ್ಸುತ್ತೆ. ನೋಡಕ್ಕೆ ಸಪ್ಪೆ, ಆಡಕ್ಕೆ ಚಿನ್ನ.

ಸ್ಕಿಲ್ ಜಾಗ ನಾಲ್ಕು ಸೂಪರ್, ಎರಡು ಅಲ್ಟಿಮೇಟ್, ಒಂದು ಎವೇಸಿವ್. ನಾಲ್ಕು ಸೂಪರಲ್ಲೂ ಏಟಿನ ಸ್ಕಿಲ್ಲೇ ತುಂಬ್ಬೇಡಿ, ಭೂಮಿಯೋರಲ್ಲದಿದ್ರೆ ಒಂದು ಜಾಗ ಕೀ ಚಾರ್ಜಿಗೆ ಬಿಡಿ.

ಇನ್ನು ನಮ್ಮ ಮಲೆನಾಡಿನೋರಿಗೆ ಮಾತ್ರ ಇರೋ ಒಂದು ತಲೆನೋವು, ಇದನ್ನ ಯಾವ ಬಿಲ್ಡ್ ವಿಡಿಯೋದಲ್ಲೂ ಹೇಳಲ್ಲ. ಸೆಕೆಂಡಿಗೆ 60 ಫ್ರೇಮ್ ಓಡೋ ಗೇಮಲ್ಲಿ ಒಂದು ಫ್ರೇಮ್ ಅಂದ್ರೆ ಸುಮಾರು 16.7 ಮಿಲಿಸೆಕೆಂಡ್. ಪಿಂಗ್ (ಸಿಗ್ನಲ್ ಹೋಗಿ ಬರಕ್ಕೆ ಹಿಡಿಯೋ ಮಿಲಿಸೆಕೆಂಡ್) 120 ಇದ್ರೆ ಅದ್ರಲ್ಲೇ ಏಳು ಫ್ರೇಮ್ ಹೋಯ್ತು. ಮಳೆಗಾಲದಲ್ಲಿ ಆಗುಂಬೆ ಹೊಸನಗರ ಕಡೆ ಕೊಂಬೆ ಬಿದ್ದು ಫೈಬರ್ ಕಟ್ಟಾಗಿ ಮೊಬೈಲ್ ಹಾಟ್‌ಸ್ಪಾಟಲ್ಲಿ ಆಡೋರ ಕಥೆ ಕೇಳ್ಲೇಬೇಡಿ, ಪಿಂಗ್ ಒಂದ್ಸಲ 80, ಇನ್ನೊಂದ್ಸಲ 300. 2021ರಲ್ಲಿ ಬಂದ ಗಿಲ್ಟಿ ಗಿಯರ್ ಸ್ಟ್ರೈವ್ ಅನ್ನೋ ಫೈಟಿಂಗ್ ಗೇಮಲ್ಲಿ ರೋಲ್‌ಬ್ಯಾಕ್ ಅನ್ನೋದು ಮೊದಲಿಂದ್ಲೇ ಇದೆ, ಎದುರಿನೋನು ಏನೊತ್ತಬೋದು ಅಂತ ಗೇಮೇ ಊಹೆ ಮಾಡ್ಕೊಂಡು ಮುಂದೆ ಓಡುತ್ತೆ, ಊಹೆ ತಪ್ಪಿದ್ರೆ ಹಿಂದಕ್ಕೆ ಹೋಗಿ ಸರಿ ಮಾಡ್ಕೊಳ್ಳುತ್ತೆ. 2018ರ ಡ್ರ್ಯಾಗನ್ ಬಾಲ್ ಫೈಟರ್‌ಝೀಗೂ 2024ರಲ್ಲಿ ಅದು ಬಂತು. ಝೆನೋವರ್ಸ್ 2ರಲ್ಲಿ ಆ ಸೌಕರ್ಯ ಇಲ್ಲ, ಲೈನ್ ಕೆಟ್ರೆ ಆಟನೇ ಎಳೆಯುತ್ತೆ.

ಹಂಗಾಗಿ ಕೆಟ್ಟ ಲೈನಲ್ಲಿ ಆಡೋರ ಬಿಲ್ಡೇ ಬೇರೆ ಇರ್ಬೇಕು. ಕರೆಕ್ಟ್ ಟೈಮಿಗೆ ಒತ್ತಿದ್ರೆ ಮಾತ್ರ ಕೆಲಸ ಮಾಡೋ ಕೌಂಟರ್ ಸ್ಕಿಲ್‌ಗಳನ್ನ ತೆಗೆದುಹಾಕಿ, ಮೊದಲ ಏಟು ತಾಗಿದ್ರೆ ಮುಂದಿನದು ತಾನಾಗೇ ಸಾಗೋ ಸ್ಟ್ರೈಕ್ ಸ್ಕಿಲ್ ಇಟ್ಕೊಳ್ಳಿ. ಮಾಯ ಆಗಿ ತಪ್ಪಿಸ್ಕೊಳ್ಳೋದು ನಂಬೋ ಹಂಗಿಲ್ಲ ಅಂದ್ಮೇಲೆ ನಾಕು ಏಟು ತಿನ್ನೋದು ಗ್ಯಾರಂಟಿ, ಅದಕ್ಕೆ ಬೇಸಿಕ್ ಅಟ್ಯಾಕಿಂದ ಸ್ವಲ್ಪ ಕಿತ್ತು ಹೆಲ್ತ್‌ಗೆ ಹಾಕಿ. ಬೀದೀಲಿ ಫೈಬರ್ ಇದ್ರೂ ಮನೆಯೊಳಗೆ ದಪ್ಪ ಮಣ್ಣಿನ ಗೋಡೆ ದಾಟಿ ವೈಫೈ ಬರ್ಬೇಕು ಅಂದ್ರೆ ಅದೂ ಕಷ್ಟವೇ, ಉದ್ದದ ಲ್ಯಾನ್ ಕೇಬಲ್ ಒಂದು ತಗೊಂಡು ಜಗಲಿಯಿಂದ ರೂಮಿಗೆ ಎಳೀರಿ, ಗೇಮಲ್ಲಿ ಬಲ ಏರಿಸೋಕೆ ಹಾಕ್ಕೊಳ್ಳೋ ಯಾವ ಸೂಪರ್ ಸೋಲ್‌ಗಿಂತ ಜಾಸ್ತಿ ಉಪಯೋಗ ಆಗುತ್ತೆ. ಅಮ್ಮ ಬೈದ್ರೆ ಗೋಡೆ ಬದೀಲಿ ಕ್ಲಿಪ್ ಹೊಡೀರಿ.

ಈಗಾಗ್ಲೇ ಪಾಯಿಂಟೆಲ್ಲಾ ತಪ್ಪು ತಪ್ಪಾಗಿ ಹಾಕ್ಬಿಟ್ಟಿದೀನಿ ಅಣ್ಣಾ ಅನ್ನೋರು ಹೊಸ ಕ್ಯಾರೆಕ್ಟರ್ ಮಾಡಕ್ಕೆ ಹೋಗ್ಬೇಡಿ. ಪ್ಯಾರಲಲ್ ಕ್ವೆಸ್ಟ್‌ಗಳಲ್ಲಿ ಮಧ್ಯೆ ಟೈಮ್ ಪ್ಯಾಟ್ರೋಲರ್ ಬರ್ತಾರಲ್ಲ, ಅವ್ರನ್ನ ಸೋಲ್ಸಿದ್ರೆ ಡ್ರ್ಯಾಗನ್ ಬಾಲ್ ಬೀಳಿಸ್ತಾರೆ, ಏಳೂ ಸೇರ್ಸಿ ವರ ಕೊಡೋ ಡ್ರ್ಯಾಗನ್ ಶೆನ್ರಾನ್‌ನ ಕರೆದು ಪಾಯಿಂಟ್ ವಾಪಸ್ ಕೊಡು ಅಂತ ಕೇಳ್ಬೋದು. ಕೇಳೋ ಮುಂಚೆ ಈಗಿರೋ ನಂಬರ್‌ಗಳನ್ನ ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಳ್ಳಿ, ವಾಪಸ್ ಹಂಚಕ್ಕೆ ಕೂತಾಗ ಮೊದ್ಲು ಸ್ಟ್ಯಾಮಿನಾ ತುಂಬಿ, ಆಮೇಲೆ ಮಿಕ್ಕಿದ್ದು.