ಬಣ್ಣ ಹತ್ತದ ಹಾಳೆಗೆ ಬಣ್ಣ ಹಿಡಿಸುವುದು: ವಿಕಿರಣ ಕಸಿಯ ಹಿನ್ನೆಲೆ

ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯನ್ನು ಬಣ್ಣದ ನೀರಿನಲ್ಲಿ ಅದ್ದಿ ತೊಳೆದರೆ ಹಾಳೆ ಮೊದಲಿನಂತೆಯೇ ಬೆಳ್ಳಗೆ ಉಳಿಯುತ್ತದೆ. ಅದರಲ್ಲಿರುವುದು ಇಂಗಾಲ ಮತ್ತು ಜಲಜನಕ ಮಾತ್ರ. ಬಣ್ಣದ ಅಣು ಹಿಡಿದುಕೊಳ್ಳಲು ಆಸರೆಯೇ ಇಲ್ಲ. ಹಾಳೆಯ ಬಲ ಕೆಡದಂತೆ ಮೇಲ್ಮೈಗೆ ಮಾತ್ರ ಆ ಆಸರೆ ಒದಗಿಸುವ ದಾರಿಗಳಲ್ಲಿ ವಿಕಿರಣ ಕಸಿ, ಅಂದರೆ ಕಿರಣ ಹಾಯಿಸಿ ಹಾಳೆಯ ಮೇಲೆ ಬೇರೆ ವಸ್ತುವಿನ ಸರಪಳಿ ಬೆಳೆಸುವುದು, ಒಂದು. ಇದರ ಬಗ್ಗೆ ಬಂದಿರುವ ವರದಿಗಳು ಈಗ ಎಷ್ಟಿವೆಯೆಂದರೆ, ಯಾವುದನ್ನು ಯಾವುದರೊಂದಿಗೆ ಹೋಲಿಸಬೇಕೆಂಬುದೇ ಗೊಂದಲ.

1933ರಲ್ಲಿ ಇಂಗ್ಲೆಂಡಿನ ಐಸಿಐ ಎಂಬ ರಾಸಾಯನಿಕ ಕಂಪನಿಯ ಪ್ರಯೋಗಾಲಯದಲ್ಲಿ ಪಾಲಿಎಥಿಲೀನ್ ಆಕಸ್ಮಿಕವಾಗಿ ಸಿಕ್ಕಿತು; 1952ರಲ್ಲಿ ಆರ್ಥರ್ ಚಾರ್ಲ್ಸ್‌ಬಿ, ರಿಯಾಕ್ಟರಿನ ವಿಕಿರಣ ತಗಲಿದಾಗ ಅದರ ಉದ್ದನೆಯ ಅಣು ಸರಪಳಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆಂದು ತೋರಿಸಿದರು; ಅದೇ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಅಡಾಲ್ಫ್ ಶಪಿರೊ ಮತ್ತಿತರರು ಕಸಿಯ ವಿಧಾನಗಳಿಗೆ ತಳಪಾಯ ಹಾಕಿದರು.

ಕೋಬಾಲ್ಟ್-60ರ ಗಾಮಾ ಕಿರಣವೋ ಎಲೆಕ್ಟ್ರಾನ್ ಕಿರಣವೋ ಬಿದ್ದಾಗ ಸರಪಳಿಯಿಂದ ಜಲಜನಕ ಕಳಚಿ, ಅಲ್ಲೊಂದು, ಬೇರೆ ಅಣುವಿನೊಂದಿಗೆ ಥಟ್ಟನೆ ಬೆಸೆಯಬಲ್ಲ, ಮುಕ್ತ ರ‍್ಯಾಡಿಕಲ್ ಹುಟ್ಟುತ್ತದೆ. ಗಿಡದಲ್ಲಿ ಸೀಳಿದ ಜಾಗಕ್ಕೆ ಬೇರೆ ಕೊಂಬೆ ಕೂರಿಸಿದಂತೆ, ಅಲ್ಲಿಂದ ಅಕ್ರಿಲಿಕ್ ಆಮ್ಲದ ಹೊಸ ಸರಪಳಿ ಬೆಳೆಯುತ್ತದೆ. ಹಾಳೆ ಮತ್ತು ಮಾನೊಮರ್ (ಸರಪಳಿ ಕಟ್ಟುವ ಬಿಡಿ ಅಣು, ಇಲ್ಲಿ ಅಕ್ರಿಲಿಕ್ ಆಮ್ಲ) ಎರಡನ್ನೂ ಒಟ್ಟಿಗೆ ಕಿರಣಕ್ಕೆ ಒಡ್ಡುವುದು ಒಂದು ಕ್ರಮ. ಹಾಳೆಯನ್ನು ಮೊದಲು ಗಾಳಿಯಲ್ಲಿ ಕಿರಣಕ್ಕೊಡ್ಡಿ, ಗಾಳಿಯ ಆಮ್ಲಜನಕ ಸೇರಿ ಅದರಲ್ಲಿ ಉಂಟಾದ ಪೆರಾಕ್ಸೈಡನ್ನು ಆಮೇಲೆ ಮಾನೊಮರ್‌ನಲ್ಲಿ ಕಾಯಿಸಿ ಒಡೆಯುವುದು ಇನ್ನೊಂದು.

ಗೋಜಲು ಶುರುವಾಗುವುದು ಇಲ್ಲಿಂದ. ಒಟ್ಟಿಗೆ ಒಡ್ಡಿದಾಗ ಮಾನೊಮರ್ ಹಾಳೆಗೆ ಅಂಟದೆ ತನ್ನಷ್ಟಕ್ಕೆ ತಾನೇ ಸರಪಳಿ ಕಟ್ಟಿ ದ್ರಾವಣವನ್ನು ಅಂಟಂಟು ಮಾಡುತ್ತದೆ. ಅದನ್ನು ತಡೆಯಲು ಮೋರ್ ಲವಣ ಎಂಬ ಕಬ್ಬಿಣದ ಲವಣವನ್ನು ಬೆರೆಸುವ ರೂಢಿ ಬಂತು. ಆದರೂ ಹಾಳೆಯೊಳಗೆ ಇಂಥ ಬಿಡಿ ಸರಪಳಿ (ಪಾಲಿಮರ್) ಒಂದಿಷ್ಟು ಸಿಕ್ಕಿಕೊಂಡೇ ಇರುತ್ತದೆ. ಕಸಿಯ ಪ್ರಮಾಣ ಅಳೆಯುವುದು ತೂಕ ಹೆಚ್ಚಿದ್ದನ್ನು ನೋಡಿ. ಬಿಸಿನೀರಿನಲ್ಲಿ ತೊಳೆದು ಈ ಬಿಡಿ ಪಾಲಿಮರನ್ನು ಹೊರಹಾಕದೆ ತೂಗಿದರೆ, ಬೆಸೆಯದೇ ಇದ್ದದ್ದೂ ಕಸಿಯ ಲೆಕ್ಕಕ್ಕೆ ಸೇರುತ್ತದೆ.

ಬಣ್ಣವನ್ನು ಅಳತೆಗೋಲಾಗಿ ಬಳಸತೊಡಗಿದ್ದು ಕಸಿ ಆಗಿದೆಯೇ ಎಂದು ತಿಳಿಯಲು. ಅಕ್ರಿಲಿಕ್ ಆಮ್ಲದ ಕಾರ್ಬಾಕ್ಸಿಲ್ ಗುಂಪು ಕ್ಷಾರೀಯ ದ್ರಾವಣದಲ್ಲಿ ಋಣ ವಿದ್ಯುದಂಶ ಪಡೆಯುತ್ತದೆ. ಧನ ವಿದ್ಯುದಂಶದ ಟೊಲುಯಿಡಿನ್ ಬ್ಲೂ ಎಂಬ ನೀಲಿ ಬಣ್ಣ ಅದಕ್ಕೆ ಅಂಟುತ್ತದೆ. ಆಮೇಲೆ ಅಸಿಟಿಕ್ ಆಮ್ಲದಿಂದ ಬಣ್ಣವನ್ನು ಬಿಡಿಸಿ, ಬೆಳಕಿನ ಹೀರಿಕೆ ಅಳೆದು, ಒಂದು ಅಣುವಿಗೆ ಒಂದು ಗುಂಪು ಎಂದು ಲೆಕ್ಕ ಹಾಕುತ್ತಾರೆ. ಚೊಕ್ಕ ವಿಧಾನ, ಆದರೆ ಒಂದಕ್ಕೊಂದು ಎನ್ನುವುದು ಊಹೆ. ಬಣ್ಣದ ಅಣು ದಪ್ಪ, ಒತ್ತಾಗಿ ಬೆಳೆದ ಸರಪಳಿಗಳ ನಡುವಿನ ಗುಂಪುಗಳೆಲ್ಲ ಅದಕ್ಕೆ ಎಟುಕವು. ಜೊತೆಗೆ ಬಣ್ಣದ ಅಣುಗಳು ಪರಸ್ಪರ ಜೋಡಿಯಾಗಿ ಕೂತರೆ ಲೆಕ್ಕ ಇನ್ನೊಂದು ಕಡೆಗೆ ಜಾರುತ್ತದೆ. ಹೀಗೆ ಬಂದ ಸಂಖ್ಯೆಯನ್ನು ಗುಂಪುಗಳ ನಿಜವಾದ ಎಣಿಕೆ ಎಂದು ಬರೆಯುವುದು ಅತಿಯಾಯಿತು; ಎಟುಕುವ ಗುಂಪುಗಳ ಅಂದಾಜು ಎಂದರೆ ಸಾಕು.

ಬಣ್ಣ ಉಳಿಯುವ ಬಗೆಗಳೂ ಬೇರೆ ಬೇರೆ. ವಿದ್ಯುದಂಶದ ಸೆಳೆತದಿಂದ ನಿಂತದ್ದು ಆಮ್ಲಕ್ಕೆ ಬಿಡುತ್ತದೆ. ಕಸಿಯಾದ ಹೈಡ್ರಾಕ್ಸಿಲ್ ಗುಂಪಿಗೆ ರಿಯಾಕ್ಟಿವ್ ಬಣ್ಣ ಕೂಡಿದರೆ ಅದು ರಾಸಾಯನಿಕ ಬಂಧ, ತೊಳೆದರೂ ಹೋಗದು. ಉಬ್ಬಿದ ಪದರದಲ್ಲಿ ಸುಮ್ಮನೆ ಸಿಕ್ಕಿಕೊಂಡದ್ದು ಮೂರನೆಯದು. ಕಣ್ಣಿಗೆ ಮೂರೂ ಒಂದೇ ನೀಲಿ. ಹಾಳೆಯ ಚಿತ್ರ ತೋರಿಸಿ ಬಣ್ಣ ಬೆಸೆದಿದೆ ಎಂದು ತೀರ್ಮಾನಿಸಿಬಿಡುವ ಅವಸರದಿಂದ ಈ ಕ್ಷೇತ್ರಕ್ಕೆ ನಷ್ಟವಾಗಿದೆ.

ಈ ವ್ಯತ್ಯಾಸ ಈಗ ಇನ್ನಷ್ಟು ಮುಖ್ಯ. ಬೆಳಕು ಬಿದ್ದಾಗ ಚುರುಕಾದ ಆಮ್ಲಜನಕವನ್ನು ಉಂಟುಮಾಡಿ ಸೂಕ್ಷ್ಮಾಣುಗಳನ್ನು ಕೊಲ್ಲುವ ರೋಸ್ ಬೆಂಗಾಲ್, ಮೀಥಿಲೀನ್ ಬ್ಲೂ ಎಂಬ ಬಣ್ಣಗಳನ್ನು ಹಾಳೆಗೆ ಹಿಡಿಸುವ ಕೆಲಸ ನಡೆದಿದೆ. ಬಣ್ಣ ಬಿಟ್ಟು ನೀರಿಗೆ ಸೇರಿದರೆ ಕೊಂದದ್ದು ಹಾಳೆಯೋ ಕರಗಿದ ಬಣ್ಣವೋ ಹೇಳಲಾಗದು. ಹಾಗಾಗಿ ಹಾಳೆಯನ್ನು ನೆನೆಸಿಟ್ಟ ನೀರನ್ನು ಪ್ರತ್ಯೇಕವಾಗಿ ಸೂಕ್ಷ್ಮಾಣುಗಳ ಮೇಲೆ, ಅದೇ ಬೆಳಕಿನಲ್ಲಿ ಪರೀಕ್ಷಿಸಲೇಬೇಕು.